ಹುಲಿಗೆವ್ವನ ಎಡಗೈ

ನವೆಂಬರ್ ಹನ್ನೆರಡು, ಮಂಗಳವಾರ. ಬೆಳಗಿನಿಂದ ಮೋಡ; ಮಳೆಯಿಲ್ಲ, ಗಾಳಿಯೂ ಇಲ್ಲ.

ತುಂಗಭದ್ರೆಯ ದಂಡೆಯ ಮಠವೊಂದರಲ್ಲಿ, ಅಂಗ ಕಳೆದುಕೊಂಡವರಿಗೆ ಕೃತಕ ಕೈಕಾಲು ಮಾಡಿಕೊಡುತ್ತಿದ್ದರು. ದುಡ್ಡು ಕೇಳುತ್ತಿರಲಿಲ್ಲ. ಸೇರು ಜೋಳವೋ ತೆಂಗಿನಕಾಯಿಯೋ, ಬಂದವರು ಕೈಲಾದದ್ದು ಕೊಟ್ಟು ಹೋಗುತ್ತಿದ್ದರು.

ಆ ಕೈಕಾಲುಗಳಿಗೆ ಮೈಬಣ್ಣ ಕೂಡಿಸುವವರು ನಬೀಸಾಬ್ ಮಾಸ್ತರು. ಹರೆಯದಲ್ಲಿ ನಾಟಕ ಕಂಪನಿಯ ಪರದೆಗಳ ಮೇಲೆ ಕಾಡು, ಅರಮನೆ ಬರೆದವರು. ಈಗ ಅವರ ಆಸ್ತಿ ಗಾಳಿಯಿಂದ ಬಣ್ಣ ಸಿಂಪಡಿಸುವ ಒಂದು ಏರ್‌ಬ್ರಷ್: ಪೆನ್ನಿನಷ್ಟು ಉದ್ದ, ಮೇಲೊಂದು ಬಣ್ಣದ ಪುಟ್ಟ ಬಟ್ಟಲು, ಒಳಗೊಂದು ಸೂಜಿ.

ಶಿಷ್ಯ ಪಂಪಾಪತಿ ಬಂದು ವರ್ಷವಾಗಿತ್ತು. ಏರ್‌ಬ್ರಷ್ ಬಿಚ್ಚುವುದು, ತೊಳೆಯುವುದು, ಜೋಡಿಸುವುದು, ಹಳೆಯ ರಬ್ಬರಿನ ಮೇಲೆ ಗೆರೆ ಎಳೆಯುವುದು. ಒಬ್ಬರು ತೊಟ್ಟುಕೊಳ್ಳುವ ಕೈಗೆ ಅವನಿನ್ನೂ ಬಣ್ಣ ಹಾಕಿರಲಿಲ್ಲ.

ಅಂದು ಮಾಸ್ತರು ಹುಲಿಗೆವ್ವ ಎಂಬಾಕೆಗಾಗಿ ಮಾಡಿದ ಎಡಗೈಯನ್ನು ಅವನ ಮುಂದಿಟ್ಟರು.

"ಇದು ನಿಂದು."

ಹುಲಿಗೆವ್ವನ ಕೈ ಕಬ್ಬಿನ ಗಾಣಕ್ಕೆ ಸಿಕ್ಕಿ ಹೋಗಿತ್ತು. ಅಳತೆ ಕೊಡಲು ಬಂದ ದಿನ ಆಕೆಗೆ ಮೊಂಡುಗೈಯನ್ನು ಸೆರಗಿನಿಂದ ಹೊರಗೆ ತೆಗೆಯಲು ಬಹಳ ಹೊತ್ತು ಹಿಡಿದಿತ್ತು. ದುಡಿಯಲು ಬಲಗೈ ಸಾಕು, ದೇವರ ಮುಂದೆ ನಿಂತಾಗ ಮಾತ್ರ ಏನು ಮಾಡಬೇಕೋ ತಿಳಿಯುವುದಿಲ್ಲ ಎಂದಿದ್ದಳು. ಆ ಬಲಗೈಯನ್ನು ಪಕ್ಕದಲ್ಲಿಟ್ಟು ನೋಡುತ್ತಲೇ ಮಾಸ್ತರು ಬಣ್ಣ ಕಲಸಿ ಶೀಸೆಗಳಲ್ಲಿ ತುಂಬಿದ್ದರು. ಗುರುವಾರ ಆಕೆ ಬರುವವಳಿದ್ದಳು.

ಮೊದಲ ಪದರ ಗೆಣ್ಣುಗಳ ಮೇಲೆ ಇಬ್ಬನಿಯ ಹಾಗೆ ಇಳಿಯಿತು. ಪಂಪಾಪತಿಗೇ ನಂಬಿಕೆ ಬರಲಿಲ್ಲ. ಅದು ಆರುತ್ತಲೇ ಏರ್‌ಬ್ರಷ್ಷನ್ನು ತೊಳೆಯದೆ ಇದ್ದಂತೆಯೇ ಬಿಟ್ಟು, ಆ ಎಡಗೈಯನ್ನು ಎತ್ತಿಕೊಂಡು ಹೊರಗೆ ಓಡಿದ. ಮೆಟ್ಟಿಲ ಮೇಲೆ ಕೂತವರೆಲ್ಲ ನೋಡಿದರು. ಅಡುಗೆಯ ಶರಣಮ್ಮ, ಚಂದ ಐತಿ, ಹಿಟ್ಟು ನಾದತೈತೇನು ಕೇಳು ಎಂದಳು.

ತಿರುಗಿ ಬರುವಷ್ಟರಲ್ಲಿ ಬಣ್ಣ ಒಳಗೇ ಒಣಗಿ ಕಟ್ಟಿತ್ತು. ಸೂಜಿಯನ್ನು ಹಿಂದಿನಿಂದ ಬಲವಾಗಿ ಒತ್ತಿದ. ಏರ್‌ಬ್ರಷ್ ಕೆಮ್ಮಿತು; ಹುಲಿಗೆವ್ವನ ಅಂಗೈ ತುಂಬ ಸಿಡುಬಿನಂಥ ಕಲೆ.

ಮಾಸ್ತರು ಹಸಿಯಿರುವಾಗಲೇ ಕಲೆ ಒರೆಸಿದರು. ಸೂಜಿಯನ್ನು ಹೊರಗೆಳೆದು ಅವನ ಮುಂದೆ ಹಿಡಿದರು.

"ಏನರ ಕಾಣತೈತೇನು?"

"ಇಲ್ರಿ."

ಅದರ ತುದಿಯನ್ನು ಅವನ ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಎಳೆದರು. ಸಣ್ಣಗೆ ಕಚ್ಚಿತು.

"ತುದಿ ಬಾಗಿ ಕೊಕ್ಕಿ ಆಗೈತ್ರಿ. ನಾನ ಒತ್ತಿಬಿಟ್ಟೆ."

"ಒತ್ತಿದ್ದು ಆಮ್ಯಾಲಿಂದು. ಅದಕ್ಕೂ ಮೊದಲ?"

ಪಂಪಾಪತಿ ತಲೆ ತಗ್ಗಿಸಿದ. "ತೋರಸಾಕ ಹೋಗಿದ್ದೆ."

ಮಾಸ್ತರು ನುಣ್ಣನೆಯ ಸಾಣೆಕಲ್ಲನ್ನು ಅವನ ಕಡೆ ಸರಿಸಿದರು. ಸೂಜಿಯನ್ನು ತಿರುಗಿಸುತ್ತ ಎಳೆಯಬೇಕು, ದೂಡಬಾರದು ಎಂದರು.

"ಎಲ್ಲೀತನಕ್ರಿ?"

"ಉಗುರು ಸುಮ್ಮನಾಗೋತನಕ."

ಉಗುರು ಸುಮ್ಮನಾದದ್ದು ಮರುದಿನ. ಅಷ್ಟರಲ್ಲಿ ಪಂಪಾಪತಿಯ ಧೈರ್ಯ ಉಡುಗಿತ್ತು. ಈ ಕೈ ನೀವೇ ಮುಗಿಸಿಬಿಡಿ, ಕೆಟ್ಟರೆ ಆ ತಾಯಿಗೆ ಏನು ಹೇಳಲಿ ಎಂದು ಬೇಡಿಕೊಂಡ. ಮಾಸ್ತರು ಏರ್‌ಬ್ರಷ್ಷನ್ನು ಅವನ ಬೆರಳುಗಳ ನಡುವೆ ಇಟ್ಟರು.

"ಮೊದಲ ಗಾಳಿ, ಆಮ್ಯಾಲೆ ಬಣ್ಣ. ನಿಲ್ಲಸುವಾಗ ಬಣ್ಣ ಮೊದಲ, ಗಾಳಿ ಕಡೀಕ."

"ಯಾಕ್ರಿ ಹಂಗ?"

"ಕೂಸು ಹುಟ್ಟಿದ ಕೂಡಲೆ ಏನು ಮಾಡತೈತಿ?"

"ಅಳತೈತ್ರಿ."

"ಅಳಾಕ ಮೊದಲ ಏನು ಬೇಕು?"

ಪಂಪಾಪತಿ ಉಸಿರೆಳೆದುಕೊಂಡ. ಬರೀ ಗಾಳಿ ಬಿಟ್ಟ. ಆಮೇಲೆ ಬಣ್ಣ.

ಗುರುವಾರ ಬೆಳಿಗ್ಗೆ ಉಗುರಿನ ಬುಡಕ್ಕೆ ಕೆಂಪು ಹಚ್ಚಿ, ಮುಂಗೈ ಮೇಲೆ ನೀಲಿ ನರವೊಂದನ್ನು ಎಳೆದು ಮುಗಿಸಿದ. ಅದು ಆರುವ ಹೊತ್ತಿಗೆ ಹುಲಿಗೆವ್ವ ಬಂದಳು. ಮಾಸ್ತರು ಕೈಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಗೆ ನಡೆದರು.

ಸ್ವಲ್ಪ ಹೊತ್ತಿಗೆ ಹೊರಗಿನ ಮಾತೆಲ್ಲ ನಿಂತಿತು.

"ಪಂಪಾ, ಲಗೂ ಬಾರೋ," ಶರಣಮ್ಮ ಕೂಗಿದಳು.

ಅವನು ಹೊಸ್ತಿಲವರೆಗೆ ಹೋದ. ತಿರುಗಿ ನೋಡಿದ. ಬಟ್ಟಲಿನ ತಳದಲ್ಲಿ ಇನ್ನೂ ನೀಲಿ ಇತ್ತು.

ವಾಪಸ್ಸು ಬಂದು ಕೂತ. ಉಳಿದ ಬಣ್ಣ ಚೆಲ್ಲಿ, ತೊಳೆಯಲು ತಿನ್ನರ್ ಹಾಕಿದ. ನೀರಿನಷ್ಟು ತಿಳಿಯಾಗಿ ಬರುವವರೆಗೆ ಗಾಳಿ ಬಿಟ್ಟ. ಸೂಜಿ ಹೊರಗೆಳೆದು ಒರೆಸಿದ. ಉಗುರಿನ ಮೇಲೆ ಎಳೆದು ನೋಡಿದ. ಸುಮ್ಮನಿತ್ತು. ಮತ್ತೆ ಜೋಡಿಸಿಟ್ಟು ಎದ್ದ.

ಹೊರಗೆ ಬಂದಾಗ ಹುಲಿಗೆವ್ವ ಹೊರಟುಹೋಗಿದ್ದಳು. ಮಾಸ್ತರು ಒಬ್ಬರೇ ಮೆಟ್ಟಿಲ ಮೇಲೆ ಕೂತಿದ್ದರು. ಅವರ ಪಕ್ಕದಲ್ಲಿ ಜೋಳವಿರಲಿಲ್ಲ, ಕಾಯಿಯೂ ಇರಲಿಲ್ಲ.

ಅವನು ಕೇಳಬೇಕೆಂದಿದ್ದು ಬೇರೆ. ಬಾಯಿಗೆ ಬಂದದ್ದು ಇಷ್ಟೇ.

"ಏನು ಕೊಟ್ಟು ಹೋದಳ್ರಿ, ಮಾಸ್ತರ?"

ಮಾಸ್ತರು ಮೊದಲು ಅವನ ಬೆರಳು ನೋಡಿದರು. ತಿನ್ನರ್ ವಾಸನೆ ಇನ್ನೂ ಹೋಗಿರಲಿಲ್ಲ.

"ಎರಡೂ ಕೈ ಜೋಡಿಸಿ ಮುಗದಳು, ತಮ್ಮಾ. ಅದರಾಗ ನೀ ಮಾಡಿದ್ದು ಯಾವುದು ಅಂತ ನನಗೂ ತಿಳೀಲಿಲ್ಲ."