ಹಿತ್ತಾಳೆ ಸೌಟೂ ಸಾಕಮ್ಮನ ಹೊಟ್ಟೆಕಿಚ್ಚೂ

ಕೇಳ್ರಪ್ಪೋ ಕೇಳಿ. ಹ್ಞೂಂ ಅನ್ನೋರು ಹತ್ರ ಬನ್ನಿ, ನಿದ್ದೆ ಬರೋರು ಗೋಡೆಗೆ ಒರಗಿ, ನಡುನಡುವೆ ಬುದ್ಧಿ ಹೇಳೋರು ಎದ್ದು ಮನೆಗೆ ಹೋಗಿ.

ಹುಣಸೆಕೊಪ್ಪಲು ಅಂತ ಒಂದೂರು. ಆ ಊರಲ್ಲಿ ಸಾಕಮ್ಮ ಅಂತ ಒಬ್ಬಳು. ನಾಲ್ಕು ಹೆಣ್ಣಾದ ಮೇಲೆ ಐದನೆಯದೂ ಹೆಣ್ಣೇ ಆಗಿ, ಅವಳಪ್ಪ ದೇವರಿಗೆ ಕೈಮುಗಿದು "ಸಾಕಮ್ಮ ತಾಯಿ, ಸಾಕು" ಅಂದನಂತೆ. ಅದೇ ಹೆಸರು ನಿಂತುಬಿಡ್ತು. ಹೆಸರೇನೋ ಸಾಕಮ್ಮ, ಆದರೆ ಅವಳಿಗೆ ಯಾವುದೂ ಸಾಕಾಗ್ತಿರಲಿಲ್ಲ. ಪಕ್ಕದವಳ ಕೊಡ ತುಂಬಿದರೆ ಇವಳ ಕಣ್ಣು ತುಂಬೋದು. ಪಕ್ಕದವಳ ಒಲೆ ಹತ್ತಿದರೆ ಇವಳ ಹೊಟ್ಟೆ ಹತ್ತಿಕೊಳ್ಳೋದು.

ಈ ಸಾಕಮ್ಮನಿಗೆ ಒಬ್ಬನೇ ಮಗ, ಮೊಗಣ್ಣ. ಆಳು ಬಾಗಿಲಷ್ಟು ಎತ್ತರ, ಬುದ್ಧಿ ಹೊಸಲಿನಷ್ಟು. ಹೇಳಿದ್ದನ್ನ ಹೇಳಿದಂಗೇ ಮಾಡೋನು. "ನೆಟ್ಟಗೆ ಮನೆಗೆ ಬಾರ್ಲಾ" ಅಂದರೆ, ಅಡ್ಡ ಸಿಕ್ಕಿದ ತಿಪ್ಪೆ ಹತ್ತಿ, ತಿಪ್ಪೆ ಇಳಿದು, ನೆಟ್ಟಗೆ ಬರೋನು. ತಾಯಿ ಹಣೆ ಚಚ್ಚಿಕೊಂಡರೆ "ಅವ್ವ, ಸೊಳ್ಳೆ ಸತ್ತೋಯ್ತಾ?" ಅಂತ ಕೇಳೋನು.

ಸಾಕಮ್ಮನ ಮನೇಲಿ ಎರಡು ಒಲೆ. ಈಚೆ ಒಲೆ ಸಾಕಮ್ಮಂದು. ಗೋಡೆ ಆಚೆ ಒಲೆ ಅವಳ ವಾರಗಿತ್ತಿ ದೇವೀರಮ್ಮಂದು, ಅಂದರೆ ಮೊಗಣ್ಣನ ಚಿಕ್ಕವ್ವಂದು. ಎರಡಕ್ಕೂ ಮಧ್ಯ ನಡುಮನೆ. ನಡುಮನೇಲಿ ಅತ್ತೆ ಹೊಂಬಾಳಜ್ಜಿ. ಅಜ್ಜಿ ತಲೆ ಮೇಲೆ ಒಂದು ಮೊಳೆ, ಮೊಳೇಲಿ ಒಂದು ಹಿತ್ತಾಳೆ ಸೌಟು. ಆ ಸೌಟು ಯಾರ ಕೈಲಿ ಇರ್ತದೋ ಹಬ್ಬದ ಅಡುಗೆ ಅವಳದು, ಬಡಿಸೋ ಕೈ ಅವಳದು, ಉಂಡೋರು ಹೇಳೋ ಒಳ್ಳೆ ಮಾತೆಲ್ಲ ಅವಳದು.

ಯುಗಾದಿ ದಿನ ಅಜ್ಜಿ ಇಬ್ಬರು ಸೊಸೇರನ್ನೂ ಕರೆದಳು.

"ನನ್ನ ಕೈ ನಡುಗ್ತೈತೆ ಕಣ್ರವ್ವ. ಇನ್ನು ಈ ಸೌಟು ನಿಮ್ಮಲ್ಲಿ ಒಬ್ಬಳಿಗೆ. ಆಯಾ ಕಾಲಕ್ಕೆ ಬರೋ ಕಾಯಿ, ಹಣ್ಣಲ್ಲಿ ಅಡುಗೆ ಮಾಡಿ ನಂಗೆ ಹಾಕಿ. ಸಂಕ್ರಾಂತಿ ಊಟದಲ್ಲಿ ನನ್ನ ಬಾಯಿಂದ ಮೊದಲು ಯಾವ ಸೊಸೆ ಹೆಸರು ಬೀಳ್ತದೋ ಸೌಟು ಅವಳದು. ಹೇಳಿದ ಮೇಲೆ ಹೇಳಿದ್ದೇ!"

ದೇವೀರಮ್ಮ ಸುಮ್ಮನೆ ನಕ್ಕಳು. ಆ ನಗು ನೋಡೇ ಸಾಕಮ್ಮನಿಗೆ ಹುಣಸೆಹಣ್ಣು ಕಿವುಚಿದಂಗಾಯ್ತು. ಈಚೆ ಒಲೆಗೆ ಬಂದು ಮಗನ ಮುಂದೆ ಹಲುಬಿದಳು. "ಹೆಂಗೆ ನಗ್ತಾಳೆ ನೋಡ್ಲಾ! ಹಿರೀಸೊಸೆ ನಾನು, ಆ ಸೌಟು ನಂದು! ನನ್ನ ಹೊಟ್ಟೆ ಉರೀತೈತೆ ಕಣ್ಲಾ!"

ಮೊಗಣ್ಣ ಬಗ್ಗಿ ಅವಳ ಹೊಟ್ಟೆ ನೋಡಿದ. "ಹೊಗೆ ಕಾಣ್ತಿಲ್ವಲ್ಲವ್ವ?"

ಮೊದಲು ಬಂದಿದ್ದು ಮಾವಿನಕಾಯಿ ಕಾಲ. ಸಾಕಮ್ಮ ಹುಳಿ ಮಾವಿನಕಾಯಿ ತುರಿದಳು, ಕಡಲೇಬೀಜ ಹುರಿದಳು, ಸಾಸಿವೆ ಸಿಡಿಸಿದಳು, ಹಳದಿ ಹಳದಿ ಚಿತ್ರಾನ್ನ ಕಲಸಿದಳು. ಕಲಸಿ ಹೇಳಿದಳು:

"ಮೊಗಾ, ಉಪ್ಪು ನೋಡು. ನಾನು ಅಜ್ಜಿನ ಕರ್ಕೊಂಡು ಬತ್ತೀನಿ."

"ಆಯ್ತವ್ವ!"

ಮೊಗಣ್ಣ ಉಪ್ಪಿನ ಮಡಕೆ ಮುಚ್ಚಳ ತೆಗೆದ, ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತ, ಉಪ್ಪು ನೋಡಿದ. ರೆಪ್ಪೆ ಬಡಿಯಲಿಲ್ಲ. ಚಿಕ್ಕವ್ವನ ಮೇಕೆ ಒಳಕ್ಕೆ ಬಂತು, ಅವನು ಉಪ್ಪು ನೋಡಿದ. ಮೇಕೆ ಚಿತ್ರಾನ್ನಕ್ಕೆ ಬಾಯಿ ಹಾಕಿತು, ಅವನು ಉಪ್ಪು ನೋಡಿದ. ಮೇಕೆ ಪಾತ್ರೆ ನೆಕ್ಕಿ, ತೇಗಿ, ಅವನ ಬೆನ್ನಿಗೆ ಗಡ್ಡ ಒರೆಸಿಕೊಂಡು ಹೋಯ್ತು, ಅವನು ಉಪ್ಪೇ ನೋಡಿದ.

ಅಜ್ಜಿ ಕೈ ಹಿಡ್ಕೊಂಡು ಬಂದ ಸಾಕಮ್ಮ ಕಿರುಚಿದಳು. "ಅಯ್ಯೋ! ಚಿತ್ರಾನ್ನ ಎಲ್ಲಿ?"

"ಮೇಕೆ ತಿಂತು ಕಣವ್ವ."

"ನೀನೇನು ಮಾಡ್ತಿದ್ದೆ?"

"ಉಪ್ಪು ನೋಡ್ತಿದ್ದೆ. ನೀನೇ ಅಂದ್ಯಲ್ಲವ್ವ! ಚಿತ್ರಾನ್ನ ನೋಡು ಅಂದ್ಯಾ?"

ಅಜ್ಜಿ ಗೋಡೆ ಆಚೆ ಹೋಗಿ ದೇವೀರಮ್ಮನ ಮಾವಿನಕಾಯಿ ಗೊಜ್ಜು ಉಂಡಳು. ಉಂಡು ಬಾಯಿ ಚಪ್ಪರಿಸಿದಳು. ಆ ಚಪ್ಪರಿಕೆ ಗೋಡೆ ದಾಟಿ ಬಂದು ಸಾಕಮ್ಮನ ಕಿವಿಗೆ ಚುಚ್ಚಿತು.

"ಅವಳ ಕೈಗೇನು ಬೆಲ್ಲ ಮೆತ್ತೈತಾ?"

"ಇಲ್ಲ ಕಣವ್ವ, ಸಗಣಿ ಮೆತ್ತಿತ್ತು. ಬೆಳಿಗ್ಗೆ ಬೆರಣಿ ತಟ್ತಿದ್ಲು."

"ಮುಚ್ಚು ಬಾಯಿ! ಕೇಳ್ಲಾ ಬೆಪ್ಪೆ. ನೋಡು ಅಂದ್ರೆ ಕಣ್ಣಲ್ಲಿ ನೋಡೋದಲ್ಲ, ಬಾಯಲ್ಲಿ ನೋಡೋದು! ತಿಳೀತಾ?"

"ತಿಳೀತವ್ವ. ನೋಡು ಅಂದ್ರೆ ಬಾಯಲ್ಲಿ."

ಮಾವು ಮುಗೀತು, ಹಲಸು ಬಂತು. ಸಾಕಮ್ಮ ಕೈಗೆ ಎಣ್ಣೆ ಸವರಿಕೊಂಡು ಕೊಡದಷ್ಟು ದಪ್ಪ ಹಣ್ಣು ಕೊಯ್ದಳು. ಜೇನಿನಂಥ ತೊಳೆ ಬಿಡಿಸಿ ಮೊರದ ತುಂಬ ಹರಡಿದಳು. ಪಾಯಸಕ್ಕೆ ಬೆಲ್ಲ ಕಮ್ಮಿ ಬಿತ್ತು.

"ಬೆಲ್ಲ ತರ್ತೀನಿ ಕಣ್ಲಾ. ಅಲ್ಲೀವರೆಗೂ ತೊಳೆ ನೋಡ್ಕೋ. ಮೇಕೆ ಬಂದೀತು, ಜೋಪಾನ!"

"ಆಯ್ತವ್ವ!"

ಹಸಿದು ಹಲಸು ತಿನ್ನು, ಉಂಡು ಮಾವು ತಿನ್ನು ಅಂತಾರೆ ದೊಡ್ಡೋರು. ಮೊಗಣ್ಣ ಹಸಿದು ಒಂದಷ್ಟು ನೋಡಿದ, ನೋಡಿ ಹೊಟ್ಟೆ ತುಂಬಿದ ಮೇಲೆ ಇನ್ನೊಂದಷ್ಟು ನೋಡಿದ. ಸಾಕಮ್ಮ ಬೆಲ್ಲ ತಂದಾಗ ಮೊರದಲ್ಲಿ ಬರೀ ಬೀಜ.

"ಎಲ್ಲಾ ತೊಳೇನೂ ನೋಡ್ದೆ ಕಣವ್ವ. ಒಂದೂ ಕೆಟ್ಟಿರಲಿಲ್ಲ! ಬೀಜ ಗಟ್ಟಿ, ಅದನ್ನ ನೋಡೋಕೆ ಆಗ್ಲಿಲ್ಲ."

ಅಷ್ಟರಲ್ಲಿ ಗೋಡೆ ಆಚೆಯಿಂದ ಅಜ್ಜಿ ದನಿ: "ಆಹಾ ದೇವೀರಾ, ಇನ್ನೊಂದು ಲೋಟ ಹಾಕವ್ವ ಪಾಯಸಾನ!"

ಸಾಕಮ್ಮ ತಂದ ಬೆಲ್ಲಾನ ತಾನೇ ಕಚ್ಚಿದಳು. ಬೆಲ್ಲವೂ ಕಹಿ ಅನ್ನಿಸ್ತು. "ಇನ್ನೊಂದು ಲೋಟವಂತೆ! ನನ್ನ ಕೈಲಿ ಒಂದು ದಿನಾನಾದ್ರೂ ಇನ್ನೊಂದು ಕೇಳಿದ್ಲಾ ಆ ಮುದುಕಿ?" ಆಮೇಲೆ ಮಗನ ಕಿವಿ ಹಿಡಿದಳು. "ಬಾಯಲ್ಲಿ ನೋಡೋದು ಅಂದ್ರೆ ಹಂಗಲ್ಲ ಕಣ್ಲಾ! ನಾಲಿಗೆ ತುದೀಲಿ ಒಂದು ಚೂರು ನೆಕ್ಕಿ ನೋಡೋದು! ಸದಾ ತಿನ್ನೋದೇ ಆಯ್ತು ನಿಂದು. ಕೊಡೋದು ಕಲಿ! ಕೊಡು ಅಂದಾಗ ಹಿಂದೆ ಮುಂದೆ ನೋಡದೆ ಕೊಡು!"

"ತಿಳೀತವ್ವ. ನೋಡೋದು ನಾಲಿಗೆ ತುದೀಲಿ. ಕೊಡೋದು ಹಿಂದೆ ಮುಂದೆ ನೋಡದೆ."

ಹಲಸು ಮುಗೀತು, ಮಳೆ ಹಿಡೀತು, ಬೇಲಿ ಮೇಲೆಲ್ಲ ಹೀರೇಕಾಯಿ ತೂಗಾಡ್ತು. ಸಾಕಮ್ಮ ಎಳೇ ಹೀರೇಕಾಯಿ ಸಾರು ಮಾಡಿದಳು. ಕಬ್ಬಿಣದ ಒಗ್ಗರಣೆ ಸೌಟಲ್ಲಿ ಎಣ್ಣೆ ಕಾಯಿಸಿ, ಬೆಳ್ಳುಳ್ಳಿ ಜಜ್ಜಿ ಹಾಕಿದಳು. ಅಷ್ಟರಲ್ಲಿ ಟಪಟಪ ಹನಿ ಶುರುವಾಯ್ತು. ಅಂಗಳದಲ್ಲಿ ಒಣಗಿಸಿದ್ದ ಸೌದೆ ಎತ್ತಿಡೋಕೆ ಓಡ್ತಾ ಕೂಗಿದಳು.

"ಬೆಳ್ಳುಳ್ಳಿ ಕೆಂಪಾಯ್ತು, ಸೀದೋಯ್ತದೆ! ಒಗ್ಗರಣೆ ಕೊಡ್ಲಾ! ಬೇಗ ಕೊಡು!"

ಯಾರಿಗೆ ಕೊಡೋದು ಅಂತ ಅವಳು ಹೇಳಲಿಲ್ಲ. ಹಿಂದೆ ಮುಂದೆ ನೋಡಬಾರದಲ್ಲ, ಮೊಗಣ್ಣ ಪಕ್ಕ ನೋಡಿದ. ಪಕ್ಕದಲ್ಲಿ ಇದ್ದೋಳು ಚಿಕ್ಕವ್ವ. ಬಟ್ಟೆ ಸುತ್ತಿ ಸೌಟು ಹಿಡ್ಕೊಂಡು ಓಡಿದ.

"ಚಿಕ್ಕವ್ವ, ತಗೋ! ಅವ್ವ ಕೊಡು ಅಂದ್ಲು!"

"ನಿಮ್ಮವ್ವ? ನಂಗಾ?" ದೇವೀರಮ್ಮನಿಗೆ ನಂಬಿಕೆಯೇ ಬರಲಿಲ್ಲ. ಆದರೂ ಸಾರಿನ ಪಾತ್ರೆ ಮುಂದೆ ಹಿಡಿದಳು. ಚುಂಯ್! ಅವಳ ಸಾರಿಗೆ ಅವಳದೊಂದು ಒಗ್ಗರಣೆ, ಇವಳದೊಂದು ಒಗ್ಗರಣೆ. ಘಮ ಅನ್ನೋದು ಕೇರಿ ತುದಿಗೆ ಹೋಯ್ತು. ಅಜ್ಜಿ ಕೋಲೂ ಹಿಡೀದೆ ಎದ್ದು ಬಂದಳು.

ಇತ್ತ ಒಲೆ ಕಿಡಿ ಹಾರಿ ಮೂಲೇಲಿದ್ದ ತೆಂಗಿನ ಗರಿ ಹತ್ತಿಕೊಂಡಿತ್ತು. ಮೊಗಣ್ಣ ವಾಪಸ್ ಬಂದು ಬಾಗಿಲಲ್ಲಿ ನಿಂತು ವಿಚಾರಿಸಿದ.

"ಅವ್ವ, ಬೆಂಕಿ ಬಿದ್ದೈತೆ. ಏನು ಮಾಡ್ಲಿ?... ಅವ್ವ, ದೊಡ್ಡದಾಯ್ತು. ಏನು ಮಾಡ್ಲಿ?... ಅವ್ವ, ನಿನ್ನ ಸೀರೆ ಹತ್ರ ಬಂತು. ಕೆಂಪು ಸೀರೆ. ಏನು ಮಾಡ್ಲಿ?"

ಸಾಕಮ್ಮ ಸೌದೆ ಬಿಸಾಕಿ ಓಡಿಬಂದು ನೀರು ಸುರಿದಳು. ಬೆಂಕಿ ಆರಿತು. ಒಗ್ಗರಣೆ ಎಲ್ಲಿ ಹೋಯ್ತು ಅಂತ ತಿಳಿದ ಮೇಲೆ ಮಾತ್ರ ಅವಳೇ ಹತ್ತಿಕೊಂಡಳು.

"ನನ್ನ ಬೆಳ್ಳುಳ್ಳಿ! ನನ್ನ ಎಣ್ಣೆ! ಹೊಗಳಿಕೆ ಅವಳಿಗಾ? ಮನೆಹಾಳ! ಕೇಳಿಲ್ಲಿ, ಬೆಂಕಿ ಬಿತ್ತು ಅಂದ್ರೆ ಕೇಳ್ತಾ ನಿಲ್ಲಬ್ಯಾಡ! ಕೈಗೆ ಏನು ಸಿಗ್ತದೋ ಅದನ್ನ ತಂದು ಸುರಿ!"

"ತಿಳೀತವ್ವ. ಬೆಂಕಿ ಬಿತ್ತು ಅಂದ್ರೆ ಸುರಿಯೋದು."

ಕೊನೆಗೆ ಸಂಕ್ರಾಂತಿ ಬಂತು. ಮಂಜು, ಚಳಿ, ಅವರೆಕಾಯಿ ಸೊಗಡು. ಎರಡು ಒಲೆ ಮೇಲೂ ಹಿತುಕಿದ ಅವರೆಬೇಳೆ ಸಾರು. ಸಾಕಮ್ಮ ಹಿಂದಿನ ದಿನವೆಲ್ಲ ಕಾಳು ನೆನೆಸಿ, ಒಂದೊಂದೇ ಹಿತುಕಿ, ಬೆರಳ ತುದಿ ಬಿಳುಚಿಸಿಕೊಂಡಿದ್ದಳು. ಈ ಸಲ ಮಗನನ್ನ ಒಲೆ ಹತ್ರ ಸೇರಿಸಲೇ ಇಲ್ಲ.

"ನೀನು ಏನೂ ಮುಟ್ಟಬ್ಯಾಡ. ಅಜ್ಜಿ ಪಕ್ಕ ಕೂತ್ಕೋ, ಕಿವಿ ಬಿಟ್ಕೊಂಡು. ಅಜ್ಜಿ ಬಾಯಿಂದ ನನ್ನ ಹೆಸರು ಬಿದ್ದ ತಕ್ಷಣ ಕೇರಿಗೆಲ್ಲ ಕೇಳೋ ಹಂಗೆ ಕೂಗು. ಬರ್ತದಾ ನಿಂಗೆ?"

"ಬರ್ತದವ್ವ!"

ಸೌಟಿನ ಸುದ್ದಿ ಕೇಳಿ ಕೇರಿಯೋರೆಲ್ಲ ಜಗಲಿ ಮೇಲೆ. ಅಜ್ಜಿ ಮುಂದೆ ಬಿಸಿ ರಾಗಿ ಮುದ್ದೆ. ಸಾಕಮ್ಮನ ಸಾರಲ್ಲಿ ಅದ್ದಿ ಒಂದು ತುತ್ತು ನುಂಗಿದಳು, ತಲೆಯಾಡಿಸಿದಳು. ದೇವೀರಮ್ಮನ ಸಾರಲ್ಲಿ ಅದ್ದಿ ಒಂದು ತುತ್ತು ನುಂಗಿದಳು, ಕಣ್ಣೇ ಮುಚ್ಚಿಬಿಟ್ಟಳು!

ಕಣ್ಣು ಮುಚ್ಚಿದ್ದು ನೋಡಿ ದೇವೀರಮ್ಮನಿಗೆ ಹಿಗ್ಗು. ಒಂದು ಸೌಟು ಸಾರು ಸುರಿದಳು, ಇನ್ನೊಂದು ಸುರಿದಳು. ತಟ್ಟೆ ತುಂಬಿ ಅಜ್ಜಿ ಮಡಿಲಿಗೆ ಹರೀತು. ಅಜ್ಜಿ ಬೆಚ್ಚಿ ತಟ್ಟೆಗೆ ಕೈ ಅಡ್ಡ ಹಿಡಿದಳು.

"ಸಾಕಮ್ಮ! ಸಾಕಮ್ಮ!"

ಮೊಗಣ್ಣ ಎದ್ದು ನಿಂತು ಬಾಯಿ ಬಿಟ್ಟ. "ಕೇಳ್ರಪ್ಪೋ! ಅಜ್ಜಿ ಸಾಕಮ್ಮ ಅಂದ್ಲು! ಎರಡು ಸಲ ಅಂದ್ಲು!"

"ಏ ಬೆಪ್ಪೇ, ನಾನಂದಿದ್ದು ಸಾರು ಸಾಕು ಅಂತ!"

ಜಗಲಿ ಮೇಲಿದ್ದ ತಮಟೆ ದ್ಯಾವಣ್ಣ ಬಿಟ್ಟಾನಾ? "ಹೇಳಿದ ಮೇಲೆ ಹೇಳಿದ್ದೇ ಅಂತ ಅಂದೋಳು ನೀನೇ ಅಲ್ವಾ ಹೊಂಬಾಳಕ್ಕ? ಸೊಸೆ ಹೆಸರು ಬಿತ್ತು. ಸೌಟು ಇಳಿಸು!"

ಕೇರಿಯೆಲ್ಲ ಹೋ ಅಂತು. ಅಜ್ಜಿ ಆಡಿದ ಮಾತಿಗೆ ತಪ್ಪೋಳಲ್ಲ. ನಗಬೇಕೋ ಅಳಬೇಕೋ ತಿಳೀದೆ ಸೌಟು ಇಳಿಸಿ ಸಾಕಮ್ಮನ ಕೈಗೆ ಕೊಟ್ಟಳು.

ಅಬ್ಬಬ್ಬಾ, ಆಗ ನೋಡಬೇಕಿತ್ತು ಸಾಕಮ್ಮನ್ನ! ಸೌಟು ಎದೆಗೆ ಒತ್ತಿಕೊಂಡಳು, ಸೆರಗಲ್ಲಿ ಒರೆಸಿದಳು, ತನ್ನ ಸಾರಿನ ಪಾತ್ರೆಗೆ ಇಳಿಸಿ ಗರಗರ ತಿರುಗಿಸಿದಳು. ಅಷ್ಟಕ್ಕೇ ಸುಮ್ಮನಿದ್ದರೆ ಅವಳು ಸಾಕಮ್ಮನೇ ಅಲ್ಲ. ಸೌಟು ಕೈತಪ್ಪಿದ ತಕ್ಷಣ ವಾರಗಿತ್ತಿ ಎದ್ದು ತನ್ನ ಒಲೆ ಹತ್ರ ಹೋಗಿಬಿಟ್ಟಿದ್ದಳು, ಇವಳಿಗೆ ತಡೆಯಲಾಗಲಿಲ್ಲ.

"ಮೊಗಾ, ಓಡ್ಲಾ! ನಿಮ್ಮ ಚಿಕ್ಕವ್ವನ ಮುಖ ನೋಡ್ಕೊಂಡು ಬಾ. ಹೆಂಗೈತೆ ಅಂತ ನಂಗೆ ಹೇಳು!"

ಮೊಗಣ್ಣ ಓಡಿದ. ದೇವೀರಮ್ಮ ಒಲೆ ಮುಂದೆ ಮಂಡಿ ಅಪ್ಪಿಕೊಂಡು ಕೂತಿದ್ದಳು. ಇವನು ಬಗ್ಗಿ, ನಾಲಿಗೆ ತುದಿ ಹೊರಗೆ ಹಾಕಿ, ಅವಳ ಕೆನ್ನೆ ಒಂದು ಚೂರು ನೆಕ್ಕಿದ. ಅವಳು ಕಿಟಾರನೆ ಕಿರುಚಿದಳು. ಇವನು ವಾಪಸ್ ಓಡಿದ.

"ನೋಡ್ದೆ ಕಣವ್ವ!"

"ಹೆಂಗೈತೆ?"

"ಉಪ್ಪಾಗೈತೆ."

"ಉಪ್ಪಾ?"

"ಹ್ಞೂಂ. ಚಿಕ್ಕವ್ವನ ಮುಖ ತುಂಬ ಉಪ್ಪಾಗೈತೆ. ಎರಡು ಕೆನ್ನೇನೂ."

ಸಾಕಮ್ಮ ಸೌಟು ತಿರುಗಿಸೋದು ನಿಲ್ಲಿಸಿದಳು. ಉಪ್ಪಿನ ಕೆನ್ನೆ ಅವಳಿಗೇನು ಹೊಸದಾ? ಮಾವಿನಕಾಯಿ ಕಾಲದಿಂದ ದಿನಾ ಅವಳದೂ ಅದೇ ಕೆನ್ನೆ. ಆಮೇಲೆ ಮೂಗು ಮುರಿದಳು, ಆದರೂ ದನಿ ಮೆತ್ತಗಾಗಿತ್ತು.

"ಹೋಗ್ಲಿ. ಬೆಳಗಿಂದ ಉಂಡಿಲ್ಲ ಅವಳು. ನನ್ನ ಕೈ ರುಚೀನೂ ಒಂದು ಸಲ ಗೊತ್ತಾಗ್ಲಿ. ಹೋಗು, ಅವಳಿಗೆ ಒಂದು ಸೌಟು ಕೊಟ್ಟು ಬಾ."

"ಆಯ್ತವ್ವ!"

ಮೊಗಣ್ಣ ಹಿತ್ತಾಳೆ ಸೌಟು ಎತ್ತಿದ. ಒಳಗಿದ್ದ ಸಾರನ್ನ ಪಾತ್ರೆಗೇ ಬಗ್ಗಿಸಿದ, ಅಂಗಿಯಲ್ಲಿ ಒರೆಸಿದ, ಹಿಂದೆ ನೋಡಲಿಲ್ಲ, ಮುಂದೆ ನೋಡಲಿಲ್ಲ, ಚಿಕ್ಕವ್ವ ಕಿರುಚಿದ್ದು ಕೇಳಿ ಅವಳ ಬಾಗಿಲಿಗೆ ಬಂದು ನಿಂತಿದ್ದ ಕೇರಿ ಜನವೆಲ್ಲ ನೋಡ್ತಿದ್ದಂಗೇ ಅವಳ ಕೈಗೆ ಇಟ್ಟ.

"ತಗೋ ಚಿಕ್ಕವ್ವ. ಒಂದು ಸೌಟು. ಅವ್ವ ಕೊಡು ಅಂದ್ಲು!"

ಅಜ್ಜಿ ಕೈ ತಟ್ಟಿದಳು. "ಭಲೇ ಹಿರೀಸೊಸೆ! ಇದು ಮನಸ್ಸು ಅಂದ್ರೆ! ಎಳ್ಳು ಬೀರೋ ದಿನ ಕೊಟ್ಟಿದ್ದನ್ನ ಯಾರೂ ವಾಪಸ್ ಕೇಳಬಾರದು. ಸೌಟು ಇನ್ನು ದೇವೀರಂದು!"

ಜನ ಚಪ್ಪಾಳೆ ಹೊಡೆದರು. ಸಾಕಮ್ಮನ್ನ ಹೊಗಳಿದ್ದೇ ಹೊಗಳಿದ್ದು. ದೇವೀರಮ್ಮ ಓಡಿಬಂದು "ಅಕ್ಕಾ!" ಅಂತ ಕಾಲಿಗೆ ಬಿದ್ದಳು. ಜನ್ಮಕ್ಕೆ ಕೇಳದಷ್ಟು ಹೊಗಳಿಕೆ, ಎಲ್ಲಾ ಒಂದೇ ದಿನ. ಹಾಗಲ್ಲ, ಹೀಗೆ ಅಂತ ಬಾಯಿಬಿಟ್ಟು ಹೇಳೋ ಹಂಗೂ ಇಲ್ಲ! ಸಾಕಮ್ಮ ಹಲ್ಲು ಕಚ್ಚಿ ನಕ್ಕಳು, ನಗ್ತಾ ನಗ್ತಾ ಒಳಕ್ಕೆ ಬಂದಳು, ಬಾಗಿಲ ಹಿಂದೆ ನಿಂತು ಎರಡೂ ಕೈಲಿ ಹೊಟ್ಟೆ ಹಿಡಿದುಕೊಂಡಳು.

"ಅಯ್ಯಯ್ಯೋ! ನನ್ನ ಹೊಟ್ಟೆಗೆ ಬೆಂಕಿ ಬಿತ್ತಲ್ಲಪ್ಪೋ!"

ಈ ಸಲ ಮೊಗಣ್ಣ ಹೊಗೆ ಹುಡುಕಲಿಲ್ಲ. ಏನು ಮಾಡ್ಲಿ ಅಂತ ಕೇಳ್ತಾ ನಿಲ್ಲಲೂ ಇಲ್ಲ. ಕೈಗೆ ಸಿಕ್ಕಿದ್ದು ಹಬ್ಬದ ಮಜ್ಜಿಗೆ ಗಡಿಗೆ. ಎರಡೂ ಕೈಲಿ ಎತ್ತಿದ, ಅವ್ವನ ಹೊಟ್ಟೆ ಗುರಿಯಿಟ್ಟ, ಕರಿಬೇವು, ಕೊತ್ತಂಬರಿ ಸಮೇತ ದಬದಬ ಸುರಿದ.

ಸುರಿದು, ಗಡಿಗೆ ಕೆಳಗಿಟ್ಟು, ಬಗ್ಗಿ ಕೇಳಿದ:

"ಆರ್ತೇನವ್ವಾ?"