ಕೂಗಳತೆ

“ಬುದ್ಧಿ, ಕರಡಿ ಕೆಡವೋಕೆ ಯಾವ ಬಂದೂಕು ಸರಿ? ತೋಟಾ ಎಂಥದ್ದಿರಬೇಕು?”

ಪಾಲಯ್ಯ ಹೀಗೆ ಕೇಳಿದಾಗ ಹೊತ್ತು ಇನ್ನೂ ಮಾರುದ್ದ ಏರಿರಲಿಲ್ಲ. ಬೆಟ್ಟದ ಮಠದ ಕಟ್ಟೆಯ ಮೇಲೆ ಗುರು ಕೂತಿದ್ದರು. ಪಕ್ಕದಲ್ಲಿ ಅವರ ಕರಿಕಂಬಳಿ ಒಣಗುತ್ತಿತ್ತು. ಪಾಲಯ್ಯ ಅದನ್ನು ಅತ್ತ ತಳ್ಳಿ ತನಗೆ ಜಾಗ ಮಾಡಿಕೊಂಡು ಕೂತ. ಜಾಗ ಕೇಳಿ ಕೂರುವ ಅಭ್ಯಾಸ ಅವನಿಗಿರಲಿಲ್ಲ. ಎಲ್ಲಿ ಹೋದರೂ ಮಾಡಿಕೊಂಡೇ ಕೂರುವವನು.

ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ಅದು ಬೇಟೆಗೆ ಇನ್ನೂ ಅಡ್ಡಿಯಿಲ್ಲದ ಕಾಲ. ಸೀತಾಫಲ ಆರಿಸಲು ಗುಡ್ಡಕ್ಕೆ ಹೋಗಿದ್ದ ಹೆಂಗಸೊಬ್ಬಳ ಭುಜವನ್ನು ಕರಡಿ ಸಿಗಿದು ಹಾಕಿತ್ತು. ಊರು ಸೇರಿ, ಬಂದೂಕು ಹಿಡಿಯುವವರು ಯಾರು ಎಂಬ ಮಾತು ಬಂದಾಗ ಪಾಲಯ್ಯ ಬೇರೆಯವರಿಗೆ ಬಾಯಿ ತೆರೆಯಲೂ ಬಿಡದೆ ಎದ್ದು ನಿಂತಿದ್ದ. ನಾಳೆ ಪಟ್ಟಣಕ್ಕೆ ಹೋಗಿ ಬಂದೂಕು ತರಬೇಕು. ತಂದ ಮೇಲೆ ಊರಿನ ಜೀವ ಅವನ ಕೈಯಲ್ಲಿ. ಯಾವುದನ್ನು ತರುವುದೆಂದು ಅವನು ಆಗಲೇ ತೀರ್ಮಾನಿಸಿಯಾಗಿತ್ತು. ಗುರುವಿನ ಬಾಯಲ್ಲೂ ಅದೇ ಬರಲಿ, ಊರಲ್ಲಿ ಹೇಳಿಕೊಳ್ಳಬಹುದು ಎಂದು ಬೆಟ್ಟ ಹತ್ತಿ ಬಂದಿದ್ದ.

“ನಿನ್ನ ಮನಸ್ಸಿನಲ್ಲಿ ಯಾವುದಿದೆ?” ಎಂದರು ಗುರು.

“ನಾಡಕೋವಿ ಗೀಡಕೋವಿ ನನಗೆ ಬೇಡ ಬುದ್ಧಿ. ಮದ್ದು ಸುರಿದು, ನಾರು ತುರುಕಿ, ಗಜದಲ್ಲಿ ಜಡಿಯೋ ಹೊತ್ತಿಗೆ ಕರಡಿ ಬಂದು ಊಟ ಮುಗಿಸಿ ಎಲೆ ಅಡಿಕೆ ಹಾಕ್ಕಂಡು ಹೋಗಿರುತ್ತೆ. ರೈಫಲ್ಲೇ ಬೇಕು. ಈ ಗುಡ್ಡದಲ್ಲಿ ನಿಂತು ಆ ಗುಡ್ಡದ್ದನ್ನ ಉರುಳಿಸಬೇಕು. ಇವತ್ತು ಬೆಳಿಗ್ಗೆ ನೋಡಿ, ಬೆಟ್ಟ ಹತ್ತಿ ಬರ್ತಾ ಇದ್ದೀನಿ, ಅಷ್ಟು ದೂರದಲ್ಲಿ ನೀರಿನ ದೊಣೆ ಹತ್ರ ಕೂತಿತ್ತು! ಕರ್ರಗೆ, ಬಂಡೆ ಥರ. ತಲೆ ಬಗ್ಗಿಸಿ ನೀರಿಗೆ ಮೂತಿ ಇಟ್ಟಿತ್ತು. ಕೈಲಿ ರೈಫಲ್ ಇದ್ದಿದ್ರೆ ಇಷ್ಟೊತ್ತಿಗೆ ನಿಮ್ಮ ಈ ಕಟ್ಟೆಗೆ ಅದರ ಚರ್ಮ ಹಾಸಿರುತ್ತಿದ್ದೆ.”

ಗುರು ಕಂಬಳಿಯ ಒದ್ದೆ ಅಂಚನ್ನು ಬಿಸಿಲಿಗೆ ತಿರುವಿ ಹಾಕಿದರು. ಆಮೇಲೆ ಕತೆ ಹೇಳಿದರು.

ಒಬ್ಬ ರೈತನಿದ್ದ. ಕಲ್ಲುಗುಡ್ಡದ ಬುಡದಲ್ಲಿ ಅವನ ಶೇಂಗಾ ಹೊಲ. ಒಂದು ಮುಂಜಾನೆ ಹೊಲದಲ್ಲಿ ಕರಡಿ ಎದುರಾಯಿತು. ರೈತ ಓಡಿದ. ಕರಡಿ ಕಂಡು ಓಡುವುದರಲ್ಲಿ ತಪ್ಪೇನಿಲ್ಲ. ಆದರೆ ಪಂಚೆ ಬೇಲಿಯ ಮುಳ್ಳಿಗೆ ಸಿಕ್ಕಿ ಅಲ್ಲೇ ಉಳಿಯಿತು, ರೈತ ಮಾತ್ರ ಊರು ತಲುಪಿದ. ಅಂದಿನಿಂದ ಊರಿನವರು ಎದುರಿಗೆ ಸಿಕ್ಕಾಗಲೆಲ್ಲ “ಏನಪ್ಪ, ಪಂಚೆ ಭದ್ರವಾಗಿದೆಯಾ?” ಎಂದು ವಿಚಾರಿಸತೊಡಗಿದರು. ಮನೆಯಲ್ಲಿ ಹೆಂಡತಿ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ಊಟ ಬಡಿಸಿದಳು. ನಗದವನು ಅವನ ಅಣ್ಣ ಒಬ್ಬನೇ. “ಪಂಚೆ ಹೋದ್ರೆ ಹೋಗ್ಲಿ ಬಿಡೋ, ನೀನು ಬಂದೆಯಲ್ಲ” ಎಂದ. ಊರೆಲ್ಲ ನಗುತ್ತಿರುವಾಗ ಆ ಒಂದು ಮಾತು ರೈತನ ಕಿವಿಗೆ ಬೀಳಲಿಲ್ಲ.

ಅವನು ನೇರ ಪಟ್ಟಣದ ಬಂದೂಕಿನ ವ್ಯಾಪಾರಿಯ ಹತ್ತಿರ ಹೋದ. ವ್ಯಾಪಾರಿ ಎರಡನ್ನು ತೆಗೆದು ಮುಂದಿಟ್ಟ. ಒಂದು ಜೋಡುನಳಿಗೆ, ಇನ್ನೊಂದು ರೈಫಲ್.

“ಜೋಡುನಳಿಗೆ ತಗೊಂಡರೆ ಚರೆ ತುಂಬಿದ ತೋಟಾ ಮಾತ್ರ ಹಾಕಬೇಡ” ಎಂದ ವ್ಯಾಪಾರಿ. “ಕರಡಿ ಕೂದಲಲ್ಲಿ ಚರೆ ಎಲ್ಲೋ ಕಳೆದುಹೋಗುತ್ತೆ, ಅದಕ್ಕೆ ಸಿಟ್ಟು ಬರುತ್ತೆ, ಅಷ್ಟೇ. ಒಂಟಿ ಗುಂಡಿನ ತೋಟಾ ಹಾಕು. ಹತ್ತಿರಕ್ಕೆ ಬಿಟ್ಟುಕೊಂಡು ಹೊಡೆದರೆ ನಿಂತಲ್ಲೇ ಕೂರುತ್ತೆ. ಒಂದು ತಪ್ಪಿದರೆ ಇನ್ನೊಂದು ನಳಿಗೆ ಇದ್ದೇ ಇದೆ.”

“ಎಷ್ಟು ಹತ್ತಿರ?”

“ಕೂಗಳತೆ.”

ಆ ಸೀಮೆಯ ಬೇಟೆಗಾರರಿಗೆ ಕೂಗಳತೆ ಎಂದರೆ ಬರೀ ದೂರದ ಮಾತಲ್ಲ. ಬಂದೂಕು ಎತ್ತುವ ಮೊದಲು ಒಂದು ಕೂಗು ಹಾಕುವುದು ಅವರ ಪದ್ಧತಿ. ಮಂಜು ಬಿದ್ದ ಮುಂಜಾನೆ ಕರಿಕಂಬಳಿ ಹೊದ್ದು ಕುಕ್ಕರುಗಾಲಲ್ಲಿ ಕೂತ ಮನುಷ್ಯನನ್ನೂ ಕರಡಿಯನ್ನೂ ಬೆನ್ನ ಕಡೆಯಿಂದ ನೋಡಿದರೆ ಹೆತ್ತ ತಾಯಿಗೂ ಗೊತ್ತಾಗುವುದಿಲ್ಲ. ಕೂಗಿದರೆ ಮನುಷ್ಯ “ನಾನಪ್ಪಾ” ಎಂದು ಓಗೊಡುತ್ತಾನೆ. ಕರಡಿಯಾದರೆ ಹಿಂಗಾಲ ಮೇಲೆ ಎದ್ದು ಇತ್ತ ತಿರುಗುತ್ತದೆ, ಎದೆಯ ಮೇಲಿನ ಬಿಳಿ ನಾಮ ಕಾಣುತ್ತದೆ. ಗುರಿ ಇಡಬೇಕಾದದ್ದೂ ಅಲ್ಲಿಗೇ.

“ಅಷ್ಟು ಹತ್ತಿರಕ್ಕೆ ಕರೆಯೋಕೆ ಅದೇನು ನಮ್ಮ ಬೀಗರಾ?” ಎಂದ ರೈತ. ರೈಫಲ್ ಮುಟ್ಟಿ ನೋಡಿದ. “ಇದು?”

“ಇದು ಕೂಗು ಮುಟ್ಟದ ಕಡೆಗೂ ಮುಟ್ಟುತ್ತೆ. ಗುಂಡಿನ ಮೂತಿ ಮೆತ್ತಗಿನ ಸೀಸ, ಒಳಗೆ ಹೋಗಿ ಅರಳಿಕೊಳ್ಳುತ್ತೆ. ಮೂಳೆ ಅಡ್ಡ ಸಿಕ್ಕಿದರೆ ಮೂಳೆ ಪುಡಿ. ಹಗುರ ಗುಂಡಿನದೂ ಇದೆ, ಅದು ಜಿಂಕೆಗೆ ಸರಿ. ಕರಡಿಗೆ ತೂಕದ್ದೇ ಬೇಕು. ಆದರೆ ಒಂದು ಮಾತು, ಅಷ್ಟು ದೂರದಿಂದ ನಿನಗೆ ನಾಮ ಕಾಣೋದಿಲ್ಲ.”

“ನಾಮ ಕಟ್ಟಿಕೊಂಡು ನನಗೇನು? ಕರ್ರಗಿದ್ದರೆ ಸಾಕು.”

ಇಲ್ಲಿಗೆ ಬಂದಾಗ ಪಾಲಯ್ಯ ತೊಡೆ ತಟ್ಟಿದ. “ಗಂಡಸಿನ ಮಾತು ನೋಡಿ ಬುದ್ಧಿ!” ಎಂದ.

ಗುರು ಮುಂದುವರಿಸಿದರು.

ವ್ಯಾಪಾರಿ ಮಾರಲು ಕೂತವನು, ಮಾರಿದ. ರೈತ ರೈಫಲನ್ನು ಹೆಗಲಿಗೇರಿಸಿ ಊರ ನಡುಬೀದಿಯಲ್ಲೇ ಬಂದ. ದೂರದ ದಿಬ್ಬದ ಮೇಲೆ ಮಡಕೆ ಇಡಿಸಿ ಒಡೆದು ತೋರಿಸಿದ. ಕಟ್ಟೆಯ ಮೇಲೆ ಕೂತು, ಬಂದವರಿಗೆಲ್ಲ ತೋಟಾ ಕೈಗೆ ಕೊಟ್ಟು ತೂಕ ನೋಡಿಸಿದ. ಪಂಚೆಯ ಮಾತು ನಿಂತಿತು. ಅವನಿಗೆ ಬೇಕಾಗಿದ್ದದ್ದು ಅದೇ. ಹೊಲಕ್ಕೆ ಕರಡಿ ಬರುವುದು ಮಾತ್ರ ನಿಲ್ಲಲಿಲ್ಲ, ಏಕೆಂದರೆ ಬಂದೂಕು ಕಟ್ಟೆಯ ಮೇಲಿತ್ತು.

ಒಂದು ದಿನ ಯಾರೋ ಕೇಳಿಯೇಬಿಟ್ಟರು. “ಮಡಕೆ ಬಹಳ ಆಯ್ತಪ್ಪ. ಕರಡಿ ಯಾವಾಗ?”

ಮರುದಿನ ಬೆಳಕು ಹರಿಯುವಾಗ ರೈತ ಗುಡ್ಡದ ಇಳಿಜಾರಿನಲ್ಲಿ ನಿಂತಿದ್ದ. ದೂರದಲ್ಲಿ ತನ್ನ ಹೊಲ. ಹೊಲದ ನಡುವೆ ಕರ್ರಗೆ ಒಂದು ಆಕಾರ ಬೆನ್ನು ಬಗ್ಗಿಸಿ ಕೂತು ಮಣ್ಣು ಕೆದಕುತ್ತಿತ್ತು. ಚಿಕ್ಕಂದಿನಿಂದ ಬಂದ ರೂಢಿ, ಕೂಗು ಗಂಟಲಿನವರೆಗೆ ಬಂತು. ರೈತ ಅದನ್ನು ನುಂಗಿಕೊಂಡ. ಕೂಗಿದರೆ ಅಷ್ಟು ದೂರ ಕೇಳುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಕೇಳಬೇಕಾದರೆ ಹತ್ತಿರ ಹೋಗಬೇಕು. ಹತ್ತಿರ ಹೋಗಿ ಕೂಗಿದರೆ ಅದು ಎದ್ದು ತಿರುಗುತ್ತದೆ. ಅದು ತಿರುಗಿ ನೋಡುವುದೇ ಅವನಿಗೆ ಬೇಡವಾಗಿತ್ತು.

ಬಂದೂಕಿನ ಕುದುರೆ ಎಳೆದ.

ಬಂದೂಕು ಒಳ್ಳೆಯದೇ ಆಗಿತ್ತು. ತೋಟಾ ಕೂಡ ಒಳ್ಳೆಯದೇ. ವ್ಯಾಪಾರಿ ಒಂದು ಮಾತನ್ನೂ ಸುಳ್ಳು ಹೇಳಿರಲಿಲ್ಲ.

ರೈತ ಕುಣಿಯುತ್ತ ಇಳಿದು ಬಂದ. ಹೊಲದ ಬದುವಿಗೆ ಬಂದಾಗ ಕಂಬಳಿಯ ಕರಿ ಅಂಚು ಕಂಡಿತು, ಆಮೇಲೆ ಮನುಷ್ಯನ ಪಾದ. ಅಣ್ಣ ಬಿದ್ದಿದ್ದ. ತಮ್ಮ ಕಟ್ಟೆ ಬಿಟ್ಟು ಏಳುವುದಿಲ್ಲವೆಂದು ದಿನಾ ಬಂದು, ಕರಡಿ ಕೆದಕಿ ಹೋದ ಶೇಂಗಾ ಗಿಡಗಳ ಬುಡಕ್ಕೆ ಮಣ್ಣು ಏರಿಸಿ ಹೋಗುತ್ತಿದ್ದವನು ಅವನು. ಊರಲ್ಲಿ ಯಾರಿಗೂ ಹೇಳಿರಲಿಲ್ಲ. ಒಂದು ತೊಡೆ ತೊಡೆಯಂತೆ ಇರಲಿಲ್ಲ. ಮುಷ್ಟಿಯಲ್ಲಿ ಮಣ್ಣು ಇನ್ನೂ ಹಾಗೇ ಇತ್ತು.

ಅಣ್ಣ ಬೈಯಲಿಲ್ಲ. ತಮ್ಮನ ಮುಖ ನೋಡಿ, “ಒಂದು ಸಲ ಕೂಗಬಾರದಾಗಿತ್ತೇನೋ? ಓಗೊಡುತ್ತಿದ್ದೆನಲ್ಲೋ” ಎಂದ.

ಅಣ್ಣ ಸಾಯಲಿಲ್ಲ. ಸತ್ತಿದ್ದರೆ ಊರು ಅತ್ತು ಮರೆಯುತ್ತಿತ್ತು. ಒಂದು ಕಾಲು ಕಳೆದುಕೊಂಡು ಮನೆಯ ಜಗಲಿಯ ಮೇಲೆ ಕೂತ. ರೈತ ಬೀದಿಗೆ ಬಂದರೆ ಜನ ದೂರದಿಂದಲೇ ಕೈಯೆತ್ತಿ “ಮನುಷ್ಯ ಕಣಪ್ಪ, ಮನುಷ್ಯ!” ಎಂದು ಕೂಗುತ್ತಿದ್ದರು. ಅದು ತಮಾಷೆ. ಪಂಚೆಯ ತಮಾಷೆಯಂಥದ್ದೇ, ಹೇಗೋ ನುಂಗಿಕೊಳ್ಳಬಹುದಿತ್ತು. ಆದರೆ ಅವನ ಹೆಜ್ಜೆಯ ಸಪ್ಪಳ ಕೇಳಿದರೆ ಸಾಕು, ಜಗಲಿಯ ಮೇಲಿನ ಅಣ್ಣನೂ ತಲೆಯ ಮೇಲಿನ ಕಂಬಳಿಯನ್ನು ಬೇಗ ಬೇಗ ಜಾರಿಸಿ “ನಾನಪ್ಪಾ, ನಾನು” ಎನ್ನುತ್ತಿದ್ದ. ಅವನು ನಗುತ್ತಿರಲಿಲ್ಲ.

ರೈತ ಆ ಬೀದಿ ಬಿಟ್ಟ. ಆಮೇಲೆ ಊರನ್ನೂ ಬಿಟ್ಟ.

ಗುರು ಕತೆ ನಿಲ್ಲಿಸಿದರು. ಕತೆಯ ನಡುವೆ ತೊಡೆ ತಟ್ಟಿದ್ದ ಕೈಯನ್ನು ಎಲ್ಲಿಡಬೇಕೆಂದು ಪಾಲಯ್ಯನಿಗೆ ತಿಳಿಯಲಿಲ್ಲ. ಮಂಡಿಯ ಮೇಲಿಟ್ಟ, ತೆಗೆದ. ಗಂಡಸಿನ ಮಾತು ಎಂದು ತಾನು ಯಾವ ಮಾತಿಗೆ ಕೂಗಿದ್ದೆ ಎಂಬುದು ನೆನಪಾಗಿ ಕಿವಿ ಬಿಸಿಯಾಯಿತು. ಆದರೂ ಅವನು ಸೋತು ಏಳುವ ಪೈಕಿಯಲ್ಲ.

“ಅವನು ದಡ್ಡ ಬುದ್ಧಿ” ಎಂದ. ದನಿ ಮೊದಲಿನಷ್ಟು ದೊಡ್ಡದಿರಲಿಲ್ಲ. “ನಾನು ಹುಟ್ಟಿದ್ದೇ ಕರಡಿ ಗುಡ್ಡದ ಕೆಳಗೆ. ಕರಡಿ ಯಾವುದು, ಮನುಷ್ಯ ಯಾವುದು ನನಗೆ ಗೊತ್ತಾಗಲ್ವಾ? ಬೆಳಿಗ್ಗೆ ದೊಣೆ ಹತ್ರ ಕಂಡಿದ್ದು ಕರಡಿನೇ. ಬೇಕಾದ್ರೆ ನಿಮ್ಮ ಪಾದ ಮುಟ್ಟಿ ಆಣೆ ಮಾಡ್ತೀನಿ.”

ಆಣೆಗೆಂದು ಅವನು ಕೈ ಚಾಚಿದ. ಗುರು ಕಂಬಳಿಯ ಅಂಚನ್ನು ಮುಟ್ಟಿ ನೋಡಿದರು. ಒಣಗಿತ್ತು. ಅದನ್ನು ಎತ್ತಿ ತಲೆಯ ಮೇಲಿಂದ ಹೊದ್ದುಕೊಂಡರು.

“ನೀನು ಒಂದು ಕೂಗು ಹಾಕಿದ್ದರೆ ಪಾಲಯ್ಯ, ದೊಣೆಯ ಹತ್ತಿರ ನಾನು ಓಗೊಡುತ್ತಿದ್ದೆ.”