ಹಿಡಿಯುವ ಪರೀಕ್ಷೆ

ಒಂದೂರಲ್ಲಿ ಒಬ್ಬ ಪೆದ್ದನಿದ್ದ ಅಂತ ಶುರು ಮಾಡಿದರೆ ಅವನ ತಾಯಿಗೆ ಬೇಜಾರಾಗುತ್ತದೆ. ಅದಕ್ಕೇ ತಾಯಿಯಿಂದಲೇ ಶುರು ಮಾಡೋಣ. ನಂಜನಗೂಡಿನ ಹತ್ತಿರ ಒಂದು ಊದುಗಡ್ಡಿ ಫ್ಯಾಕ್ಟರಿ. ಅಲ್ಲಿ ಎಷ್ಟೋ ವರ್ಷದಿಂದ ಕಡ್ಡಿ ಹೊಸೆಯುತ್ತಿದ್ದ ಚಿಕ್ಕತಾಯಮ್ಮ ಯಾರಿಂದಲೂ ಒಂದು ಮಾತು ಅನ್ನಿಸಿಕೊಂಡವಳಲ್ಲ. ಮಗ ಗುರುಮಲ್ಲ ಆಳೆತ್ತರ ಬೆಳೆದಿದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ತೊಂದರೆ. ಸೂಪರ್‌ವೈಸರ್ ಮರಿಸ್ವಾಮಿಯ ಕೈಕಾಲು ಹಿಡಿದು, ಇವನಿಗೆ ನಾನು ಜವಾಬ್ದಾರಿ ಅಂತ ಮಾತು ಕೊಟ್ಟು, ಅವನನ್ನು ಪ್ಯಾಕಿಂಗಿಗೆ ಸೇರಿಸಿದಳು. ಎಲ್ಲರ ಜೊತೆ ಹೊಂದಿಕೊಂಡರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆ.

ಎಲ್ಲರ ಮುಂದೆ ನಗುನಗುತ್ತಾ ಇರು ಅಂತ ತಾಯಿ ಹೇಳಿ ಕಳಿಸಿದಳು. ಗುರುಮಲ್ಲ ನಗುತ್ತಲೇ ಇದ್ದ. ಆ ವಾರ ಮರಿಸ್ವಾಮಿಯ ಅಪ್ಪ ತೀರಿಕೊಂಡರು. ಅವನು ತಲೆ ಬೋಳಿಸಿಕೊಂಡು ಕೆಲಸಕ್ಕೆ ಬಂದರೆ ಎದುರಿಗೇ ಗುರುಮಲ್ಲ, ಅಷ್ಟೂ ಹಲ್ಲು ತೋರಿಸಿಕೊಂಡು. ಮರಿಸ್ವಾಮಿ ಈ ಕಡೆ ತಿರುಗಿದರೆ ಇಲ್ಲೂ ಆ ಹಲ್ಲು, ಆ ಕಡೆ ತಿರುಗಿದರೆ ಅಲ್ಲೂ ಆ ಹಲ್ಲು. ಕಡ್ಡಿ ಹೊಸೆಯುತ್ತಿದ್ದ ಹೆಂಗಸರೆಲ್ಲ ನೋಡಿದರು. ಚಿಕ್ಕತಾಯಮ್ಮ ತಲೆ ಎತ್ತಲಿಲ್ಲ.

ಮನೆಗೆ ಬಂದು ಚೆನ್ನಾಗಿ ಬೈದಳು. ಕಣ್ಣಲ್ಲಿ ನೀರು ಕಂಡರೆ ನಗಬಾರದು, ಹೆಗಲ ಮೇಲೆ ಕೈಯಿಟ್ಟು, ಏನು ಮಾಡೋದು ಹಣೆಬರಹ, ಧೈರ್ಯ ತಂದ್ಕೊಳ್ಳಿ ಅನ್ನಬೇಕು ಅಂತ ಕಲಿಸಿದಳು. ಆಗಲವ್ವ ಅಂದ ಮಗ.

ಸ್ವಲ್ಪ ದಿನಕ್ಕೆ ಪ್ಯಾಕಿಂಗಿನ ಜಯಶೀಲಳಿಗೆ ಲೀಡರ್ ಪಟ್ಟ ಸಿಕ್ಕಿತು. ಮೈಸೂರುಪಾಕು ಹಂಚುತ್ತಾ ಹಂಚುತ್ತಾ ಖುಷಿಗೆ ಅವಳ ಕಣ್ಣು ತುಂಬಿಬಂತು. ಗುರುಮಲ್ಲನಿಗೆ ಅಷ್ಟೇ ಸಾಕಾಯಿತು. ಸೀದಾ ಹೋಗಿ ಹೆಗಲ ಮೇಲೆ ಕೈಯಿಟ್ಟು, "ಏನ್ ಮಾಡೋದು ಜಯಕ್ಕ, ಹಣೆಬರಹ. ಧೈರ್ಯ ತಂದ್ಕೊಳ್ಳಿ" ಅಂದ. ಅವಳು ಕೈ ಕೊಡವಿಕೊಂಡು ಆಫೀಸಿಗೆ ನಡೆದಳು. ಮರಿಸ್ವಾಮಿ ತಾಯಿಯನ್ನು ಕರೆಸಿದ. ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದಳು. ನಿಮ್ಮ ಮುಖ ನೋಡಿ ಬಿಟ್ಟಿದ್ದೀನಿ ಅಂತ ಅವನು ಮೆಲ್ಲಗೆ ಅಂದದ್ದಕ್ಕೆ ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅವತ್ತು ಮಗನನ್ನು ಪಕ್ಕದಲ್ಲಿ ನಡೆಯಲೂ ಬಿಡಲಿಲ್ಲ. ಹೊಸ್ತಿಲು ದಾಟಿದ ಮೇಲೆ ಬಾಯಿಬಿಟ್ಟಳು. "ಇನ್ಮೇಲೆ ಫ್ಯಾಕ್ಟ್ರಿ ಒಳಗೆ ಯಾವ ಹೆಂಗಸ್ನೂ ಮುಟ್‌ಬ್ಯಾಡ, ಏನೇ ಆಗ್ಲಿ ಮುಟ್‌ಬ್ಯಾಡ. ಆ ಗೇಟ್ ಒಳಗೆ ನಾನು ನಿನ್ನವ್ವ ಅಲ್ಲ, ನೀನು ನನ್ನ ಮಗ ಅಲ್ಲ. ಗೇಟಿಂದ ಈಚೆಗೆ ಬಂದ್ಮೇಲೆ ಅವ್ವ ಅನ್ನು." ಅಂದ ಮೇಲೆ ಎದೆ ಚುರುಕ್ ಅಂತು. ಆದರೂ ಆ ಮಾತು ವಾಪಸ್ ತಗೊಳ್ಳಲಿಲ್ಲ. ಆಗಲವ್ವ ಅಂದ ಮಗ.

ಫ್ಯಾಕ್ಟರಿಯಲ್ಲಿ ಒಬ್ಬರಿಗೊಬ್ಬರು ಆಗಿಬರುತ್ತಿಲ್ಲ ಅಂತ ಯಜಮಾನರು ಮೈಸೂರಿಂದ ಮನಶ್ಶಾಸ್ತ್ರ ಓದಿದ ಒಬ್ಬ ಮೇಡಂನ ಕರೆಸಿದರು. ಯಾರದು ಎಂಥ ಸ್ವಭಾವ, ಯಾರು ಯಾರ ಜೊತೆ ಹೊಂದುತ್ತಾರೆ ಅಂತ ಆಕೆ ಪರೀಕ್ಷೆ ಮಾಡಿ ಹೇಳುವುದು, ಅದರ ಮೇಲೆ ಕೆಲಸ ಕಾಯಂ. ಜನರ ಜೊತೆ ಇರೋದು ಇಷ್ಟವೋ, ಒಬ್ಬರೇ ಇರೋದೋ ಅಂತ ಗುರುಮಲ್ಲನನ್ನು ಕೇಳಿದರು. "ನನ್ಗೆ ಜನ ಇಷ್ಟ ಮೇಡಂ. ಜನಕ್ಕೆ ನಾನು ಅಷ್ಟಾಗಿ ಇಷ್ಟ ಇಲ್ಲ" ಅಂದ. ಮೇಡಂ ಪೆನ್ನು ಕೆಳಗಿಟ್ಟು ಅವನನ್ನು ಅಕ್ಕರೆಯಿಂದ ನೋಡಿದರು. ದೂರದಲ್ಲಿ ನಿಂತಿದ್ದ ಚಿಕ್ಕತಾಯಮ್ಮನಿಗೆ ಹೋದ ಜೀವ ಬಂದ ಹಾಗಾಯಿತು.

ಆಮೇಲೆ ಹಿಡಿಯುವ ಪರೀಕ್ಷೆ. ಒಬ್ಬರು ಬೆನ್ನು ತಿರುಗಿಸಿ ಕಣ್ಣು ಮುಚ್ಚಿ ಹಿಂದಕ್ಕೆ ಬೀಳಬೇಕು, ಇನ್ನೊಬ್ಬರು ಹಿಡಿದುಕೊಳ್ಳಬೇಕು. ನಂಬಿಕೆ ಎಷ್ಟಿದೆ ಅಂತ ಗೊತ್ತಾಗುವುದು ಹಾಗಂತೆ. ಮರಿಸ್ವಾಮಿ ಒಳ್ಳೆಯವನು. ತಾಯಿಯಾದರೆ ಎಡವಟ್ಟಾಗಲ್ಲ ಅಂತ ಗುರುಮಲ್ಲನ ಜೋಡಿಗೆ ಚಿಕ್ಕತಾಯಮ್ಮನನ್ನೇ ನಿಲ್ಲಿಸಿದ. ಅವಳು ಸೆರಗು ಸಿಕ್ಕಿಸಿ ಕಣ್ಣು ಮುಚ್ಚಿದಳು. ಗಂಡ ಹೋದ ಮೇಲೆ ಯಾರಿಗೂ ಒರಗಿದವಳಲ್ಲ. ಹಿಂದೆ ಇರುವವನು ಮಗ ಅನ್ನುವ ಧೈರ್ಯಕ್ಕೆ ಮೈ ಸಡಿಲ ಬಿಟ್ಟಳು.

ಗುರುಮಲ್ಲ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಪಕ್ಕಕ್ಕೆ ಸರಿದ. ಅವಳು ಧೊಪ್ಪನೆ ಬಿದ್ದಳು.

ಮೇಡಂ ಓಡಿ ಬಂದರು. "ಯಾಕಪ್ಪಾ ಹಿಡಿಯಲಿಲ್ಲ? ಇವರು ನಿಮ್ಮ ತಾಯಿ ತಾನೇ?"

"ಗೇಟ್ ಒಳಗೆ ಅಲ್ಲ ಮೇಡಂ. ಇಲ್ಲಿ ನಾನು ಅವ್ರ ಮಗ ಅಲ್ಲ. ಅವ್ರೇ ಹೇಳವ್ರೆ."

ಪಾಠ ಒಪ್ಪಿಸುವವನ ಹಾಗೆ ಹೇಳಿದ. ಅಲ್ಲಿಯವರೆಗೆ ಜನ ಅವನ ಮುಖ ನೋಡುತ್ತಿದ್ದರು, ಈಗ ಎಲ್ಲರೂ ನೆಲದ ಮೇಲೆ ಕೂತಿದ್ದ ಅವಳ ಮುಖ ನೋಡಿದರು. ಚಿಕ್ಕತಾಯಮ್ಮನಿಗೆ ಸೊಂಟದ ನೋವು ಗೊತ್ತೇ ಆಗಲಿಲ್ಲ. ಇಷ್ಟು ದಿನ ಮಗನಿಂದ ನಾಚಿಕೆ ಅಂದುಕೊಂಡಿದ್ದವಳು ಇವತ್ತು ತನ್ನ ಬಗ್ಗೆ ತಾನೇ ನಾಚಿದಳು. ಅವನ ಕೆಲಸ ಹೋಯಿತು ಅಂತ ಬೇರೆ ಹೇಳಬೇಕಾಗಿಲ್ಲ, ಅವಳಿಗಾಗ ಅದರ ಯೋಚನೆಯೂ ಬರಲಿಲ್ಲ. ಎತ್ತಲು ಬಂದವರ ಕೈ ಸರಿಸಿ, ತಾನೇ ಎದ್ದು, ಮಗ ಎಲ್ಲಿ ಅಂತ ಹುಡುಕಿದಳು.

ಅವನು ಆಗಲೇ ಗೇಟಿನ ಆಚೆ ಓಡಿ ಬಿಸಿಲಲ್ಲಿ ನಿಂತಿದ್ದ. ಕುಂಟುತ್ತಾ ಕುಂಟುತ್ತಾ, ಅಷ್ಟೂ ಜನರ ಕಣ್ಣೆದುರು, ಅವಳು ಗೇಟು ದಾಟಿದಳು. ಗುರುಮಲ್ಲನ ಕಣ್ಣಲ್ಲಿ ಧಾರಾಕಾರ ನೀರು. ಕಾಲು ಅಗಲಿಸಿ, ಎರಡೂ ಕೈ ಚಾಚಿ ಸಿದ್ಧವಾಗಿ ನಿಂತ.

"ಬೆನ್ ತಿರುಗ್ಸವ್ವಾ, ಕಣ್ ಮುಚ್ಚು," ಅಂದ. "ಈಗ ಬೀಳು."